ಕೈರೋಕ್ಕ ಬಾಣಂತನಕ್ಕ ಹೊಂಟೀನಿ, ಊರು ಎಲ್ಲಿಂದ ನೋಡಾಕ ಸುರು ಮಾಡ್ಲಿ?

ಅಕ್ಕೋರು_ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ಮೂವತ್ತೊಂದು ವರ್ಷ ಕನ್ನಡ ಸಾಲ್ಯಾಗ ಸಮಾಜ ವಿಜ್ಞಾನ ಕಲಿಸಿ ಹೋದ ವರ್ಷ ನಿವೃತ್ತಿ ಆದಾಕಿ ನಾನು. ಮಗ ಕೈರೋದಾಗ ನೌಕರಿ ಮಾಡತಾನ. ಸೊಸಿಗೆ ನವೆಂಬರದಾಗ ದಿನ ತುಂಬತಾವ. ಬೀಗತಿಗೆ ಆರಾಮಿಲ್ಲ, ಅಷ್ಟು ದೂರ ವಿಮಾನದಾಗ ಕುಂಡ್ರಾಕ ಆಗೂದಿಲ್ಲ. ಹಿಂಗಾಗಿ ಬಾಣಂತನ ನನ್ನ ಪಾಲಿಗೆ ಬಂದೈತಿ, ಎರಡು ತಿಂಗಳು ಅಲ್ಲೇ ಇರತೀನಿ. ಮನಿ ಮಆದಿ ಅನ್ನೂ ಕಡೆ ಐತಂತ.

ಪ್ರತಿ ವರ್ಷ ಹುಡುಗರಿಗೆ "ಈಜಿಪ್ಟ್ ನೈಲ್ ನದಿಯ ಕೊಡುಗೆ" ಅಂತ ಬೋರ್ಡಿನ ಮ್ಯಾಲೆ ಬರದು ತೋರ್ಸೂದು, ಪರೀಕ್ಷಾದಾಗ ಎರಡು ಮಾರ್ಕಿಗೆ ಅದನ್ನ ಕೇಳೂದು. ನನ್ನ ಈಜಿಪ್ಟ್ ಅಷ್ಟ ಆಗಿತ್ತು. ಈಗ ನದಿ ಖರೇನ ನೋಡೂ ಯೋಗ ಬಂದೈತಿ. ಮಗನ್ನ ಕೇಳಿದ್ರ, "ಅವ್ವಾ, ಒಂದು ಶನಿವಾರ ಪಿರಮಿಡ್, ಇನ್ನೊಂದು ಶನಿವಾರ ಮ್ಯೂಸಿಯಂ, ಒಂದಿನ ರಾತ್ರಿ ದೋಣ್ಯಾಗ ಊಟ, ಮುಗೀತು ಕೈರೋ" ಅಂತಾನ. ಹಂಗ ನೋಡಿದ್ರ ಊರು ಪರಿಚಯ ಆಗ್ತೈತೇನ್ರಿ? ಧಾರವಾಡಕ್ಕ ಬಂದಾವ್ರು ಪೇಢಾ ಕಟ್ಟಿಸ್ಕೊಂಡು ಹೋದಂಗ ಆಗ್ತೈತಿ ಅಷ್ಟ.

ಕೂಸಿಗೆ ಎರದು ಮಲಗಿಸಿದ ಮ್ಯಾಲೆ ಹತ್ತರಿಂದ ಒಂದರ ತನಕ ನನಗ ಬಿಡುವು ಸಿಗಬಹುದು. ಆಗ ಒಬ್ಬಾಕಿನ ಹೊರಗ ಹೋಗಿ ಬರಬೇಕಂತ ಆಸೆ. ಅರಬ್ಬಿ ಬರೂದಿಲ್ಲ, ಹಿಂದಿ ಬರ್ತೈತಿ, ಇಂಗ್ಲಿಷ್ ಹರಕು ಮುರುಕು. ಎಡಗಾಲ ಮೊಣಕಾಲು ಸ್ವಲ್ಪ ಹಿಡಕೊಳ್ತೈತಿ, ಆದ್ರೂ ಒಂದು ತಾಸು ನಡೀತೀನಿ. ಶುದ್ಧ ಶಾಖಾಹಾರಿ, ತತ್ತೀನೂ ತಿನ್ನಂಗಿಲ್ಲ. ಅಲ್ಲಿ ಇದ್ದು ಬಂದಾವ್ರು ಯಾರರ ಇದ್ರ ಹೇಳ್ರಿ.

ಸುಮ್ನೆ_ಬಂದೋನು

ಅಮ್ಮಾ, ಒಬ್ರೇ ಬೇಡ, ಆ್ಯಪ್ ಕಾರಲ್ಲೇ ಓಡಾಡಿ. ಟ್ರಾಫಿಕ್ ನೋಡಿದ್ರೆ ಸಿಲ್ಕ್ ಬೋರ್ಡೇ ವಾಸಿ ಅನ್ಸುತ್ತೆ. ಪಿರಮಿಡ್ ಹತ್ರ ಒಂಟೆಯವರ ಜತೆ ಮಾತಿಗೆ ನಿಲ್ಲಬೇಡಿ. ಹತ್ತೋಕೆ ಒಂದು ರೇಟು, ಇಳಿಯೋಕೆ ಇನ್ನೊಂದು ರೇಟು. ನಾನು ಮೇಲೆ ಕೂತು ಹತ್ತು ನಿಮಿಷ ಚೌಕಾಸಿ ಮಾಡಿದ್ದೀನಿ, ಒಂಟೆ ಅಷ್ಟೊತ್ತೂ ಮೆಲುಕು ಹಾಕ್ತಾ ನಿಂತಿತ್ತು.

ಮನ್ಯಲ್_ಮಂಡ್ಯ

ಅಕ್ಕೋರೇ, ನಮಸ್ಕಾರ. ನಾನು ಮಂಡ್ಯ ಕಡೆಯವನು. ಬಟ್ಟೆ ಕಾರ್ಖಾನೆ ಕೆಲಸದ ಮೇಲೆ ಹೋಗಿ ಏಳು ವರ್ಷ ಕೈರೋದಲ್ಲಿದ್ದೆ. ನೈಲ್ ನದಿ ನಡುವೆ ರೋಡಾ ಅಂತ ಒಂದು ದ್ವೀಪ ಇದೆ, ಅದರ ಮೇಲಿನ ಮನ್ಯಲ್‌ನಲ್ಲಿ ನಮ್ಮ ಮನೆ.

ಮೇಲಿನವರು ಕಾರಲ್ಲೇ ಓಡಾಡಿ ಅಂದಿದ್ದಾರೆ, ನಾನು ಒಪ್ಪಲ್ಲ. ಕಾರೊಳಗೆ ಕೂತ್ರೆ ನೀವು ನೋಡೋದು ಮೇಲ್ಸೇತುವೆ ಮಾತ್ರ. ನಿಮ್ಮ ಮಆದಿ ಮೆಟ್ರೋದ ಮೊದಲನೇ ಲೈನಿನ ಮೇಲೇ ಇದೆ. 1987ರಲ್ಲಿ ಶುರುವಾದ ಲೈನು, ಇಡೀ ಆಫ್ರಿಕಾಕ್ಕೇ ಮೊದಲನೇ ಮೆಟ್ರೋ. ರೈಲಿನ ನಡುವಿನ ಬೋಗಿ ಹೆಂಗಸರಿಗೆ ಮೀಸಲು, ಪ್ಲಾಟ್‌ಫಾರ್ಮಿನ ಮಧ್ಯಕ್ಕೆ ನಿಂತ್ಕೊಂಡ್ರೆ ಅದೇ ನಿಮ್ಮ ಮುಂದೆ ಬಂದು ನಿಲ್ಲುತ್ತೆ. ಒಳಗೆ ಬಾಚಣಿಗೆ, ಕ್ಲಿಪ್ಪು, ಸೂಜಿದಾರ ಮಾರೋ ಹೆಂಗಸರು ಬರ್ತಾರಂತೆ. ನನ್ನ ಹೆಂಡತಿ ಅರಬ್ಬಿ ಕಲಿತಿದ್ದೇ ಆ ಬೋಗಿಯಲ್ಲಿ.

ಹೊರಡೋ ಮುಂಚೆ ಅಂಕಿ ಕಲೀರಿ, ಅರ್ಧ ಗಂಟೆ ಕೆಲಸ. ಅವರ ಐದು ಥೇಟ್ ನಮ್ಮ ಕನ್ನಡದ ಸೊನ್ನೆ. ಅವರ ಸೊನ್ನೆ ಬರೀ ಒಂದು ಚುಕ್ಕಿ. ಆರು ನೋಡೋಕೆ ಇಂಗ್ಲಿಷಿನ ಏಳು. ಏಳು ಅಂದ್ರೆ ಇಂಗ್ಲಿಷಿನ ವಿ ಅಕ್ಷರ, ಅದನ್ನೇ ಬೋರಲು ಹಾಕಿದ್ರೆ ಎಂಟು. ತಮಾಷೆ ಏನಂದ್ರೆ ಅರಬ್ಬಿಯಲ್ಲಿ ಇದಕ್ಕೆ ‘ಹಿಂದಿ ಅಂಕಿ’ ಅಂತಲೇ ಹೆಸರು. ನಮ್ಮ ಕಡೆಯಿಂದ ಹೋದ ಅಂಕಿಗೆ ನಾನೇ ಮೋಸ ಹೋದೆ. ಬಾಡಿಗೆ ಮನೆ ಹುಡುಕ್ತಿದ್ದ ಮೊದಲನೇ ವಾರ, ‘ಹತ್ತನೇ ನಂಬರ್, ಮೂರನೇ ಮಹಡಿ’ ಅಂದಿದ್ರು. ಗೋಡೆ ಮೇಲಿನ ನೀಲಿ ತಗಡಲ್ಲಿ ಒಂದು ಗೀಟು, ಪಕ್ಕದಲ್ಲಿ ಒಂದು ಸೊನ್ನೆ. ಸರಿ ಅಂತ ಮೂರು ಮಹಡಿ ಹತ್ತಿ ಬೆಲ್ ಒತ್ತಿದೆ. ಒಬ್ರು ಅಜ್ಜಿ ಬಾಗಿಲು ತೆಗೆದ್ರು. ನಾನು ಮನೆ ನೋಡೋಕೆ ಬಂದೆ ಅಂತ ಕೈಸನ್ನೆ ಮಾಡಿದೆ, ಅವರು ಒಳಗೆ ಕರೆದು ಕೂರಿಸಿದ್ರು. ಗಾಜಿನ ಲೋಟದಲ್ಲಿ ಕಪ್ಪು ಟೀ ಬಂತು, ತಳದಲ್ಲಿ ಒಂದು ಬೆರಳು ದಪ್ಪ ಸಕ್ಕರೆ. ನಾನು ಅಡುಗೆ ಮನೆ ಇಣುಕಿ ನೋಡಿದೆ, ಬಚ್ಚಲ ನಲ್ಲಿ ತಿರುಗಿಸಿ ನೋಡಿದೆ. ಅಜ್ಜಿ ಪಾಪ ನಲ್ಲಿ ರಿಪೇರಿಯವನು ಅಂದ್ಕೊಂಡು, ಸೋರೋ ಇನ್ನೊಂದು ನಲ್ಲೀನೂ ತೋರಿಸಿದ್ರು. ಕೊನೆಗೆ ಸ್ಕೂಲಿಂದ ಬಂದ ಮೊಮ್ಮಗ ನನ್ನ ಕೈ ಹಿಡಿದು ಕೆಳಗೆ ಕರ್ಕೊಂಡು ಹೋಗಿ, ತಗಡಿನ ಮೇಲೆ ಬೆರಳಿಟ್ಟು, ಐದು ಬೆರಳು ಬಿಚ್ಚಿ ತೋರಿಸಿದ. ಹದಿನೈದನೇ ನಂಬರ್ ಮನೆ ಅದು.

ಇನ್ನು ಎಲ್ಲಿಂದ ಶುರು ಮಾಡೋದು ಅಂದ್ರಿ. ಪಿರಮಿಡ್ ಇರೋದು ಗೀಜಾದಲ್ಲಿ, ನದಿಯ ಆಚೆ ದಡ. ಅವು ಎದ್ದು ಮೂರು ಸಾವಿರ ವರ್ಷಕ್ಕೂ ಮೇಲಾದ ಮೇಲೆ ಈಚೆ ದಡದಲ್ಲಿ ಈ ಊರು ಶುರುವಾಯ್ತು. ಮಗನ ಜತೆ ಒಂದು ಶನಿವಾರ ಹೋಗಿ ಬನ್ನಿ, ನೋಡಲೇಬೇಕು. ಪಕ್ಕದಲ್ಲೇ ಹೊಸ ದೊಡ್ಡ ಮ್ಯೂಸಿಯಂ, 2025ರ ನವೆಂಬರ್ 1ಕ್ಕೆ ಅಧಿಕೃತವಾಗಿ ತೆರೆದದ್ದು. ಟುಟಂಖಾಮನ್ ಗೋರಿಯ ಐದು ಸಾವಿರಕ್ಕೂ ಹೆಚ್ಚು ಸಾಮಾನು ಒಂದೇ ಕಡೆ ಇಟ್ಟಿದ್ದಾರೆ. ಆದ್ರೆ ಊರು ಪರಿಚಯ ಆಗಬೇಕು ಅಂದ್ರೆ ನನ್ನ ಮಾತು ಕೇಳಿ, ತೆಂಕಣಿಂದ ಬಡಗಣಕ್ಕೆ ನಡೀರಿ. ಊರು ಬೆಳೆದಿದ್ದೂ ಆ ದಿಕ್ಕಿಗೇ.

641ರಲ್ಲಿ ಅರಬ್ ಸೇನಾಪತಿ ಅಮ್ರ್ ಫುಸ್ತಾತ್ ಅಂತ ಪಾಳೆಯ ಹಾಕಿದ. ಆಮೇಲೆ ಬಂದ ಒಂದೊಂದು ಮನೆತನಕ್ಕೂ ಹಿಂದಿನವರ ಊರಲ್ಲಿ ಇರೋಕೆ ಆಗಲ್ಲ. ಸ್ವಲ್ಪ ಈಶಾನ್ಯಕ್ಕೆ ಸರಿದು ತಂದೇ ಒಂದು ಹೊಸ ಊರು. ಅಬ್ಬಾಸಿಗಳದ್ದು ಅಲ್-ಅಸ್ಕರ್, ಇಬ್ನ್ ತೂಲೂನನದ್ದು ಅಲ್-ಕತಾಯಿ. 969ರಲ್ಲಿ ಫಾತಿಮಿ ಸೇನಾಪತಿ ಜೌಹರ್ ಗೋಡೆ ಎಬ್ಬಿಸಿದ್ದು ಅಲ್-ಕಾಹಿರಾ, ಅದೇ ಪರದೇಶದವರ ಬಾಯಲ್ಲಿ ಕೈರೋ ಆಯ್ತು. ಅಲ್ಲಿಯ ಜನ ಇವತ್ತಿಗೂ ಊರನ್ನ ‘ಮಸ್ರ್’ ಅಂತಾರೆ, ದೇಶಕ್ಕೂ ಅದೇ ಹೆಸರು. ಈಗಿನ ಸರ್ಕಾರ ಪೂರ್ವಕ್ಕೆ ನಲವತ್ತೈದು ಕಿಲೋಮೀಟರ್ ಆಚೆ ಮರಳುಗಾಡಲ್ಲಿ ಇನ್ನೊಂದು ರಾಜಧಾನಿ ಕಟ್ತಾ ಇದೆ. ಹುಟ್ಟು ಗುಣ, ಎಲ್ಲಿ ಹೋಗುತ್ತೆ.

ಮೊದಲನೇ ದಿನ ಮಾರ್ ಗಿರ್ಗಿಸ್ ಸ್ಟೇಷನ್. ನಿಮ್ಮಲ್ಲಿಂದ ನಾಲ್ಕನೇದು. ಈಚೆ ಬಂದ್ರೆ ಕಣ್ಣೆದುರಿಗೇ ರೋಮನ್ನರ ಬ್ಯಾಬಿಲಾನ್ ಕೋಟೆಯ ದುಂಡು ಬುರುಜು. ಆ ಕೋಟೆಯ ಹೆಬ್ಬಾಗಿಲ ಮೇಲೇ ಒಂದು ಚರ್ಚು ಕಟ್ಟಿದ್ದಾರೆ, ಅದಕ್ಕೇ ತೂಗು ಚರ್ಚು ಅಂತ ಹೆಸರು. ಸಣ್ಣ ಸಣ್ಣ ಓಣಿ, ಗಲಾಟೆ ಕಮ್ಮಿ, ಅಭ್ಯಾಸ ಆಗೋಕೆ ಒಳ್ಳೇ ಜಾಗ.

ಎರಡನೇ ದಿನ ತಪ್ಪದೆ ನಮ್ಮ ದ್ವೀಪಕ್ಕೆ ಬನ್ನಿ. ಅಲ್-ಮಲಿಕ್ ಅಸ್-ಸಾಲಿಹ್ ಸ್ಟೇಷನ್ನಲ್ಲಿ ಇಳಿದು ಸೇತುವೆ ದಾಟಿದ್ರೆ ದ್ವೀಪದ ತೆಂಕಣ ತುದಿಯಲ್ಲಿ ನದಿ ಅಳೆಯೋ ಬಾವಿ ಇದೆ. 861ರಲ್ಲಿ ಕಟ್ಟಿದ್ದು. ನಡುವೆ ಎಂಟು ಮುಖದ ಒಂದು ಕಂಬ, ಅದರ ಮೇಲೆ ಮೊಳದ ಗೀಟು. ಸುತ್ತ ಗೋಡೆಗುಂಟ ಮೆಟ್ಟಿಲು ಇಳಿಯುತ್ತೆ. ಮೂರು ಮಟ್ಟದಲ್ಲಿ ಸುರಂಗ ತೋಡಿ ನದಿ ನೀರು ಒಳಗೆ ಬಿಡ್ತಿದ್ರು. ಹದಿನಾರು ಮೊಳ ಏರಿದ್ರೆ ಬೆಳೆ ಚೆನ್ನಾಗಿ ಬರುತ್ತೆ, ಕಂದಾಯ ಪೂರ್ತಿ. ಕಮ್ಮಿಯಾದ್ರೆ ಬರ. ಹೊಲದಲ್ಲಿ ಬೆಳೆ ಬರೋ ಮೊದಲೇ ಕಂಬ ನೋಡಿ ಲೆಕ್ಕ ಹಾಕ್ತಿದ್ರು.

ನಾನು ಮಂಡ್ಯದವನು, ನಂಗೆ ಅದನ್ನ ಯಾರೂ ವಿವರಿಸಬೇಕಾಗಿರಲಿಲ್ಲ. ಜೂನ್ ಬಂದ್ರೆ ನಮ್ಮಪ್ಪ ಪೇಪರಲ್ಲಿ ಮೊದಲು ನೋಡ್ತಿದ್ದಿದ್ದು ಕನ್ನಂಬಾಡಿ ಕಟ್ಟೆ ಎಷ್ಟು ಅಡಿ ಅಂತ. 124.80 ತುಂಬಿದ್ರೆ ಮುಖ್ಯಮಂತ್ರಿ ಬಂದು ಬಾಗಿನ ಬಿಡ್ತಾರಲ್ಲ, ಅಲ್ಲೂ ಥೇಟ್ ಹಾಗೇ ಇತ್ತು. ಹದಿನಾರು ಮೊಳ ಮುಟ್ಟಿದ ದಿನ ಊರಿಗೆಲ್ಲ ಡಂಗುರ, ದೊರೆ ಮುಂದೆ ನಿಂತು ಕಾಲುವೆ ಬಾಯಿಗೆ ಹಾಕಿದ ಮಣ್ಣಿನ ಒಡ್ಡು ಕಡಿಸೋನು, ನೀರು ಊರೊಳಗೆ ನುಗ್ಗೋದು. ಆ ಕಾಲುವೇನ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮುಚ್ಚಿ ರಸ್ತೆ ಮಾಡಿದ್ರು, ಈಗ ಪೋರ್ಟ್ ಸಯೀದ್ ರಸ್ತೆ ಅಂತಾರೆ. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿಯಿತು, ನೆರೆ ಅನ್ನೋದೇ ಇಲ್ಲ. ಬಾವಿ ಒಣಗಿದೆ. ಕಾವಲುಗಾರ ಒಬ್ಬ ಇರ್ತಾನೆ, ಎಷ್ಟೋ ದಿನ ನಾನೊಬ್ಬನೇ ಹೋಗಿ ಮೆಟ್ಟಿಲ ಮೇಲೆ ಕೂತು ಬಂದಿದ್ದೀನಿ. ನೀವು ಬೋರ್ಡಿನ ಮೇಲೆ ಬರೀತಿದ್ದ ಸಾಲಿದೆಯಲ್ಲ, ಅದರ ಲೆಕ್ಕದ ಪುಸ್ತಕ ಆ ಕಂಬ.

ಮೂರನೇದು ಸಯ್ಯಿದಾ ಜೈನಬ್ ಸ್ಟೇಷನ್ನಿಂದ ನಡೆದು ಇಬ್ನ್ ತೂಲೂನ್ ಮಸೀದಿ. 879ರಲ್ಲಿ ಮುಗಿದದ್ದು, ಪೂರ್ತಿ ಇಟ್ಟಿಗೆ. ನಡುವೆ ದೊಡ್ಡ ಖಾಲಿ ಅಂಗಳ. ಅಷ್ಟು ಗದ್ದಲದ ಊರಲ್ಲಿ ಅಷ್ಟು ನಿಶ್ಶಬ್ದ ಬೇರೆ ಕಡೆ ನಂಗೆ ಸಿಗಲಿಲ್ಲ. ಸೆರಗು ತಲೆ ಮೇಲೆ ಹೊದ್ದು, ಒಂದು ಶಾಲು ಇಟ್ಕೊಂಡ್ರೆ ಸಾಕು. ಅದಾದ ಮೇಲೆ ಸುಲ್ತಾನ್ ಹಸನ್ ಮಸೀದಿ, ಕೋಟೆ. ಕೋಟೆ ಏರು ದಾರಿ, ನಿಮ್ಮ ಮೊಣಕಾಲಿಗೆ ಬೇಡ ಅನ್ಸಿದ್ರೆ ಬಿಡಿ, ನಷ್ಟ ಇಲ್ಲ.

ಕೊನೆಗೆ ಉಳಿಸ್ಕೋಬೇಕಾದ್ದು ಅಲ್-ಮುಇಜ್ ರಸ್ತೆ. ನಾಸರ್ ಸ್ಟೇಷನ್ನಲ್ಲಿ ಮೂರನೇ ಲೈನಿಗೆ ಬದಲಾಯಿಸಿ ಬಾಬ್ ಅಶ್-ಶಾರಿಯಾದಲ್ಲಿ ಇಳೀರಿ. ಬಾಬ್ ಅಲ್-ಫುತೂಹ್ ಹೆಬ್ಬಾಗಿಲಲ್ಲಿ ಒಳಗೆ ಹೋಗಿ ಬಾಬ್ ಜುವೈಲಾದಲ್ಲಿ ಹೊರಗೆ ಬಂದ್ರೆ ಫಾತಿಮಿಗಳ ಊರು ಆ ತುದಿಯಿಂದ ಈ ತುದಿ ನಡೆದ ಹಾಗೆ. ದಾರಿಯಲ್ಲಿ ಎರಡು ಬೀದಿ ಕವಲೊಡೆಯೋ ಮೂಲೆಗೆ 1744ರಲ್ಲಿ ಅಬ್ದುರ್ರಹಮಾನ್ ಕತ್‌ಖುದಾ ಕಟ್ಟಿಸಿದ ಒಂದು ಕಟ್ಟಡ ಇದೆ. ಕೆಳಗೆ ಅರವಟ್ಟಿಗೆ, ದಾರಿಹೋಕರಿಗೆ ನೀರು. ಮೇಲಿನ ಅಟ್ಟದಲ್ಲಿ ಮಕ್ಕಳ ಮಠ, ಓದು ಬರಹ. ಅಕ್ಕೋರು ನೀವು, ನಿಂತು ನೋಡ್ತೀರಿ. ಬಾಬ್ ಜುವೈಲಾ ದಾಟಿದ ಕೂಡಲೇ ಎದುರಿಗೆ ಸೂರು ಹಾಕಿದ ಒಂದು ಬಜಾರು, ಖಯಾಮಿಯ್ಯಾ ಅಂತ. ಡೇರೆ ಬಟ್ಟೆ ಹೊಲಿಯೋರ ಬೀದಿ. ಗಂಡಸರು ಮೆಟ್ಟಿಲ ಮೇಲೆ ಕಾಲು ಮಡಿಸಿ ಕೂತು ಬಟ್ಟೆ ತುಂಡು ಕತ್ತರಿಸಿ ಇನ್ನೊಂದರ ಮೇಲಿಟ್ಟು ಕೈಯಲ್ಲೇ ಹೊಲೀತಾರೆ. ನಿಮ್ಮ ಕಡೆ ಕೌದಿ ಹೊಲೀತಾರಲ್ಲ, ಅದರ ದೊಡ್ಡಪ್ಪನ ಮಕ್ಕಳು ಅನ್ಕೊಳ್ಳಿ.

ರಸ್ತೆ ದಾಟೋದು ಹೇಗೆ ಅಂತ ಹೇಳಲಿಲ್ಲ. ಯಾರಾದ್ರೂ ಅಲ್ಲಿಯ ಹೆಂಗಸು ದಾಟ್ತಿದ್ರೆ ಅವರ ಪಕ್ಕಕ್ಕೆ ನಿಂತ್ಕೊಳ್ಳಿ, ಗಾಡಿ ಬರೋ ಕಡೆಗೆ ಅವರಿರಲಿ. ಒಂದೇ ಸಮ ನಡೀರಿ. ಓಡಬೇಡಿ, ಹಿಂದಕ್ಕೆ ಮಾತ್ರ ಹೆಜ್ಜೆ ಇಡಬೇಡಿ. ಡ್ರೈವರು ನಿಮ್ಮ ಹೆಜ್ಜೆ ಲೆಕ್ಕ ಹಾಕಿಯೇ ಪಕ್ಕದಲ್ಲಿ ನುಗ್ಗಿಸ್ತಾನೆ. ಶುಕ್ರವಾರ ಬೆಳಗ್ಗೆ ಮಾತ್ರ ಊರು ಖಾಲಿ, ಮಧ್ಯಾಹ್ನದ ನಮಾಜಿನ ತನಕ ರಸ್ತೆಗಳು ನಿಮ್ಮವೇ. ಮತ್ತೆ ‘ಫಕ್ಕಾ’ ಅನ್ನೋ ಪದ ನೆನಪಿಡಿ, ಚಿಲ್ಲರೆ. ಆ ಊರಲ್ಲಿ ಯಾರ ಹತ್ರಾನೂ ಇರಲ್ಲ. ನಿಮ್ಮ ಹತ್ರ ಇದ್ರೆ ಬಚ್ಚಿಟ್ಕೊಳ್ಳಿ, ಕಕ್ಕಸು ತೋರಿಸೋನಿಗೆ, ಚಪ್ಪಲಿ ಕಾಯೋನಿಗೆ, ಬಾಗಿಲು ತೆಗೆಯೋನಿಗೆ ಎಲ್ಲಾ ಬೇಕಾಗುತ್ತೆ. ಸರ್ಕಾರದ ಸ್ಮಾರಕಗಳ ಟಿಕೆಟ್ಟಿಗೆ ಬಹಳ ಕಡೆ ಕಾರ್ಡೇ ಆಗಬೇಕು, ಮಗನದ್ದು ಒಂದು ಇಸ್ಕೊಂಡು ಹೋಗಿ.

ದೊಕ್ಕಿ_ಅಮ್ಮ

ಅಕ್ಕೋರೇ, ಗಂಡಸರು ಕೋಟೆ ಕೊತ್ತಲ ಹೇಳಿದ್ರು, ಬಾಣಂತನದ ಸಾಮಾನು ಯಾರೂ ಹೇಳಲಿಲ್ಲ! ನಂಗೆ ಎರಡನೇ ಮಗು ಆಗಿದ್ದು ಅಲ್ಲೇ, ದೊಕ್ಕಿಯಲ್ಲಿದ್ದಾಗ. ಊರಿಂದ ಅಳ್ವಿ, ಮೆಂತ್ಯ, ಒಣ ಕೊಬ್ಬರಿ ಅಂತ ಸೂಟ್‌ಕೇಸ್ ತುಂಬಿಸ್ಕೊಂಡು ಹೋಗಬೇಡಿ. ಅಲ್ಲಿ ‘ಅತ್ತಾರ್’ ಅಂತ ಅಂಗಡಿ ಇರುತ್ತೆ, ನಮ್ಮ ಗ್ರಂಥಿಗೆ ಅಂಗಡೀನೇ. ಗೋಣಿಚೀಲದ ಬಾಯಿ ಮಡಚಿ ಸಾಲಾಗಿ ಇಟ್ಟಿರ್ತಾರೆ, ವಾಸನೆಯಲ್ಲೇ ಅರ್ಧ ಸಾಮಾನು ಗೊತ್ತಾಗುತ್ತೆ. ಅಳ್ವಿಗೆ ‘ಹಬ್ ಅರ್-ರಶಾದ್’, ಮೆಂತ್ಯಕ್ಕೆ ‘ಹೆಲ್ಬಾ’, ಸಬ್ಬಸಿಗೆ ಸೊಪ್ಪಿಗೆ ‘ಶಬತ್’. ತೆಂಗಿನಕಾಯಿಗೆ ‘ಗೋಜ್ ಹಿಂದ್’, ಹಿಂದೂಸ್ತಾನದ ಕಾಯಿ ಅಂತ. ಹುಣಸೆಗೆ ‘ತಮ್ರ್ ಹಿಂದಿ’. ಜೋಳದ ಹಿಟ್ಟು ಮಾತ್ರ ಊರಿಂದಲೇ ಕಟ್ಕೊಂಡು ಹೋಗಿ.

ಬಾಣಂತಿಗೆ ಅವರೂ ಮೆಂತ್ಯ ಕುದಿಸಿ ಕುಡಿಸ್ತಾರೆ. ‘ಮೊಗಾತ್’ ಅಂತ ಒಂದು ಬೇರಿನ ಪುಡಿ ಬರುತ್ತೆ, ತುಪ್ಪದಲ್ಲಿ ಹುರಿದು ಸಕ್ಕರೆ, ಎಳ್ಳು, ಗೋಡಂಬಿ ಹಾಕಿ ಬಿಸಿಬಿಸಿ ಕೊಡ್ತಾರೆ. ಕುಡಿದ್ರೆ ನಿಮ್ಮ ಕಡೆಯ ಅಂಟಿನುಂಡೀನ ಯಾರೋ ಕರಗಿಸಿ ಕೊಟ್ಟ ಹಾಗಿರುತ್ತೆ.

ಪಕ್ಕದ ಮನೆಯವರು ಒಳ್ಳೆಯವರಾಗಿದ್ರೆ ಏಳನೇ ದಿನ ಬಂದೇ ಬರ್ತಾರೆ. ‘ಸುಬೂ’ ಅಂತ ಶಾಸ್ತ್ರ. ಕೂಸನ್ನ ದೊಡ್ಡ ಜರಡಿಯಲ್ಲಿ ಮೆತ್ತಗೆ ಹಾಸಿ ಮಲಗಿಸಿ ಅಲ್ಲಾಡಿಸ್ತಾರೆ. ಏಳು ಥರ ಕಾಳು ಎರಚ್ತಾರೆ, ತಾಯಿ ಕೂಸಿನ ಮೇಲಿಂದ ಏಳು ಸಲ ದಾಟಬೇಕು. ಒಬ್ಬಾಕೆ ಹಿತ್ತಾಳೆ ಕುಟ್ಟಾಣಿ ಕಿವಿ ಹತ್ರಾನೇ ಠಣ್ ಠಣ್ ಅಂತ ಕುಟ್ಟಿ, "ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ" ಅಂತ ಜೋರಾಗಿ ಹೇಳ್ತಾಳೆ. ನಮ್ಮತ್ತೆ ಮೊದಲು ಹೌಹಾರಿದ್ರು, ಆಮೇಲೆ ಕುಟ್ಟಾಣಿ ಅವರ ಕೈಯಲ್ಲೇ ಇತ್ತು. ಅತ್ತೆ ಮಾತಿನ ಬಗ್ಗೆ ಆ ಶಾಸ್ತ್ರದಲ್ಲಿ ಏನೂ ಬರಲ್ಲ ಅಂತ ಆಮೇಲೆ ಬೇಜಾರು ಮಾಡ್ಕೊಂಡ್ರು, ಅದು ಬೇರೆ.

ಹೊರಗೆ ಊಟಕ್ಕೆ ಒಂದು ಪದ ನೆನಪಿಡಿ: ‘ಸಿಯಾಮಿ’. ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ ಎಷ್ಟೋ ದಿನ ಮಾಂಸ, ಮೊಟ್ಟೆ, ಹಾಲು ಬಿಟ್ಟು ವ್ರತ ಹಿಡೀತಾರೆ, ಆ ಅಡುಗೆಗೆ ಸಿಯಾಮಿ ಅಂತಾರೆ. ನೀವು ಹೋಗೋ ನವೆಂಬರಿನ ಕೊನೆಯಿಂದ ಅವರ ಕ್ರಿಸ್ಮಸ್ ವ್ರತ ಶುರು, ಜನವರಿ 7ರ ಹಬ್ಬದ ತನಕ ನಡೆಯುತ್ತೆ. ಶಾಖಾಹಾರಿ ಅಂದ್ರೆ ಕೆಲವು ಕಡೆ ಕೋಳಿ ಸಾರು ಹಾಕಿ ಕೊಟ್ಬಿಡ್ತಾರೆ, ಸಿಯಾಮಿ ಅಂದ್ರೆ ಹಾಗೆ ಮಾಡಲ್ಲ. ಆದ್ರೆ ಈ ವ್ರತದಲ್ಲಿ ಮೀನು ನಡೆಯುತ್ತೆ, ಮೀನೂ ಬೇಡ ಅಂತ ಸೇರಿಸಿ ಹೇಳಿ. ಮುಲೂಖಿಯ್ಯಾ ಸೊಪ್ಪಿನ ಸಾರು ನೋಡೋಕೆ ಆಸೆ ಆಗುತ್ತೆ, ಮೋಸ ಹೋಗಬೇಡಿ, ಸಾಮಾನ್ಯವಾಗಿ ಮಾಂಸದ ಕಟ್ಟಲ್ಲೇ ಮಾಡ್ತಾರೆ. ಕೊಶರಿ ಧೈರ್ಯವಾಗಿ ತಿನ್ನಿ. ಅನ್ನ, ಮಸೂರ, ಮ್ಯಾಕರೋನಿ, ಕಡಲೆ, ಮೇಲೆ ಗರಿಗರಿ ಈರುಳ್ಳಿ, ಟೊಮ್ಯಾಟೊ ಗೊಜ್ಜು. ಬೆಳ್ಳುಳ್ಳಿ ಹುಳಿ ನೀರು, ಖಾರ ಪಕ್ಕದಲ್ಲೇ ಇಟ್ಟಿರ್ತಾರೆ. ನಮ್ಮ ಕಿಚಡಿಯೇ ಅಲ್ಲಿಗೆ ಹೋಗಿ ಕೊಶರಿ ಆಯ್ತು ಅನ್ನೋ ಮಾತೂ ಇದೆ.

ಇನ್ನೊಂದು. "ನನ್ನನ್ನೇನು ಹಿಂದಿ ಅಂದ್ಕೊಂಡ್ಯಾ?" ಅಂತ ಅವರವರೇ ಬೈದಾಡೋದು ಕಿವಿಗೆ ಬಿದ್ರೆ ಬೇಜಾರಾಗಬೇಡಿ. ಪೆದ್ದ ಅಂದ್ಕೊಂಡ್ಯಾ ಅಂತ ಅರ್ಥ, ಯಾವ ಕಾಲದ ಗಾದೆಯೋ. ನೀವು ಹಿಂದಿ ಅಂತ ಗೊತ್ತಾದ ತಕ್ಷಣ ಅದೇ ಬಾಯಲ್ಲಿ ಅಮಿತಾಭ್ ಬಚ್ಚನ್ ಹೆಸರು ಹೇಳಿ ಕೈ ಕುಲುಕ್ತಾರೆ.

ಕುಡ್ಲದ_ಕಾಗದ

ಮಂಡ್ಯದವರು ಮಾರ್ ಗಿರ್ಗಿಸ್‌ನಲ್ಲಿ ಚರ್ಚು ಮಾತ್ರ ತೋರಿಸಿ ಮುಂದೆ ಓಡಿದ್ದಾರೆ ಮಾರಾಯ್ರೆ. ಅದೇ ಓಣಿಯಲ್ಲಿ ಬೆನ್ ಎಜ್ರಾ ಅಂತ ಯಹೂದಿಗಳ ಮಂದಿ‍ರ ಉಂಟು. ಈಗ ಕಾಣುವ ಕಟ್ಟಡ 1890ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಜಾಗ ಹಳತು. ದೇವರ ಹೆಸರಿದ್ದ ಕಾಗದ ಹರಿದು ಬಿಸಾಡಬಾರದು ಅಂತ ಅವರ ಪದ್ಧತಿ. ಹಾಗಾಗಿ ಹಳೆ ಕಾಗದ ಎಲ್ಲ ಒಂದು ಕತ್ತಲೆ ಕೋಣೆಗೆ ಹಾಕ್ತಿದ್ದರು. ಸುಮಾರು ಒಂಬೈನೂರು ವರ್ಷ ಹಾಗೇ ರಾಶಿ ಬಿತ್ತು. ಮದುವೆ ಕರಾರು, ಸಾಲದ ಚೀಟಿ, ಅಂಗಡಿ ಲೆಕ್ಕ, ಮಕ್ಕಳ ಕಾಪಿ ಬರವಣಿಗೆ, ಎಲ್ಲ. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅನ್ನುವ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಆ ರಾಶಿಯಲ್ಲಿ ನಮ್ಮ ಮಂಗಳೂರು ಉಂಟು! ಅಬ್ರಹಾಂ ಬೆನ್ ಯಿಜು ಅಂತ ಟುನೀಸಿಯಾ ಕಡೆಯ ವ್ಯಾಪಾರಿ 12ನೇ ಶತಮಾನದಲ್ಲಿ ಹದಿನೈದು ವರ್ಷಕ್ಕೂ ಮೇಲೆ ಮಂಗಳೂರಲ್ಲೇ ಇದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಇಲ್ಲಿಂದ ಯೆಮನ್ನಿನ ಏಡನ್‌ಗೆ ಕರಿಮೆಣಸು, ಅಡಿಕೆ, ಕಬ್ಬಿಣ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲಿಕ್ಕೆ ಕಾಗದ. ಆಶು ಅಂತ ಇಲ್ಲಿಯ ಹೆಂಗಸನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿ ಮದುವೆಯಾದ. ಅವನ ಪರವಾಗಿ ಹಡಗು ಹತ್ತಿ ಏಡನ್‌ಗೆ ವ್ಯಾಪಾರಕ್ಕೆ ಹೋಗುತ್ತಿದ್ದ ಆಳಿನ ಹೆಸರು ಮೂರೇ ಅಕ್ಷರದಲ್ಲಿ ಬರೆದದ್ದು ಸಿಕ್ಕಿದೆ. ಅದನ್ನು ಬೊಮ್ಮ ಅಂತ ಓದುತ್ತಾರೆ. ನಮ್ಮ ಬೊಮ್ಮ! ದೊರೆಗಳ ಶಾಸನದಲ್ಲಿ ಇಂಥವರ ಹೆಸರು ಬರುವುದುಂಟಾ? ಕಸ ಅಂತ ಎತ್ತಿಟ್ಟ ಕಾಗದದಲ್ಲಿ ಉಳಿದಿದೆ. ಒಳಗೆ ಈಗ ಕಾಗದ ಒಂದೂ ಇಲ್ಲ, ಸುಮ್ಮನೆ ಎರಡು ನಿಮಿಷ ನಿಂತು ಬನ್ನಿ ಅಕ್ಕ.

ಅಕ್ಕೋರು_ಧಾರವಾಡ

ಎಷ್ಟು ಪ್ರೀತಿಲೇ ಬರದೀರಿ ಎಲ್ಲಾರೂ! ನನಗ ಪ್ರಿಂಟ್ ತಗಿಸಿ ಇಟ್ಕೊಂಡೀನಿ. ಮಂಡ್ಯದ ತಮ್ಮಾ, ಆ ಬಾವಿ ಮೆಟ್ಟಿಲು ನನ್ನ ಮೊಣಕಾಲಿಗೆ ಆಗ್ತಾವೇನಪಾ? ಕಟಾಂಜನ ಐತೋ ಇಲ್ಲೋ?

ಮನ್ಯಲ್_ಮಂಡ್ಯ

ಮೆಟ್ಟಿಲು ಕಡಿದು ಅಕ್ಕೋರೇ, ಪೂರ್ತಿ ಇಳಿಯೋಕೆ ಹೋಗಬೇಡಿ. ಮೇಲೆ ನಿಂತೇ ಕಂಬ ಇಡಿಯಾಗಿ ಕಾಣುತ್ತೆ. ತಲೆ ಎತ್ತಿ ನೋಡಿದ್ರೆ ಬಣ್ಣದ ಚಾವಣಿ, ಅದು ಹೊಸದು. ಹೊರಗೆ ಬಂದ್ರೆ ಪಕ್ಕದಲ್ಲೇ ಗಾಯಕಿ ಉಮ್ ಕುಲ್ಸುಮ್ ಅವರ ಸಣ್ಣ ಮ್ಯೂಸಿಯಂ. ನದಿ ಕಡೆ ಮುಖ ಮಾಡಿ ಕೂರೋಕೆ ನೆರಳಿರುತ್ತೆ.

ಅಕ್ಕೋರು_ಧಾರವಾಡ

ನಮಸ್ಕಾರ್ರಿ, ಕೈರೋದಿಂದ ಬರೀಲಿಕತ್ತೀನಿ. ಮೊಮ್ಮಗಳು ಬಂದಾಳ, ಬಾಣಂತಿ ಕೂಸು ಇಬ್ಬರೂ ಆರಾಮ. ನಿನ್ನೆಗೆ ಐದು ವಾರ ತುಂಬಿದ್ವು.

ಮೊದಲನೇ ದಿನ ಮೆಟ್ರೋ ಸ್ಟೇಷನ್ ಮುಂದಿನ ರಸ್ತೆ ದಾಟಾಕ ಇಪ್ಪತ್ತು ಮಿನಿಟು ನಿಂತಿದ್ದೆ. ಒಬ್ಬಾಕಿ ಕಾಯಿಪಲ್ಲೆ ಚೀಲ ಹಿಡಕೊಂಡು ಬಂದ್ಲು, ನನ್ನ ಮೊಣಕೈ ಹಿಡದು ಏನೂ ಮಾತಾಡಲಾರದ ದಾಟಿಸಿ ಹಂಗ ಹೋಗಿಬಿಟ್ಲು. ಈಗ ನಾನೂ ಹಿಂದ ನೋಡಂಗಿಲ್ಲ, ನಡದುಬಿಡತೀನಿ. ಮಗಗ ಹೇಳಿಲ್ಲ.

ಬಾವಿಗೆ ಎರಡು ಸಲ ಹೋಗಿ ಬಂದೆ. ಮೊದಲನೇ ಸಲ ಮ್ಯಾಲೆ ನಿಂತು ನೋಡಿದೆ. ಮನಸ್ಸು ತಡೀಲಿಲ್ಲ, ಎರಡನೇ ಸಲ ಗ್ವಾಡಿ ಹಿಡಕೊಂಡು ಅರ್ಧ ಮಟ ಇಳದೆ. ಗ್ವಾಡಿಗೆ ಕೈ ಇಟ್ರ ತಣ್ಣಗ. ಕಂಬದ ಮ್ಯಾಲಿನ ಗೀಟು ಎಣಿಸಾಕ ಸುರು ಮಾಡಿದೆ, ಹನ್ನೊಂದಕ್ಕ ತಪ್ಪಿತು. ಕಾವಲಿನಾವ ಮ್ಯಾಲಿಂದ ಕೂಗಿ ಬೆರಳಿನಾಗ ಹದಿನಾರು ತೋರ್ಸಿ, ಬೆಳಿ ಹಿಂಗ ಎತ್ತರ ಬರ್ತಿತ್ತು ಅಂತ ಎದಿ ಮಟ ಕೈ ಹಿಡದ. ಮೂವತ್ತೊಂದು ವರ್ಷ ಆ ಒಂದು ವಾಕ್ಯ ಬರಸೀನಿ, ನಾನರ ಎಂದೂ ಎದಿ ಮಟ ಕೈ ಹಿಡದು ತೋರಿಸಿರಲಿಲ್ಲ.

ಕುಡ್ಲದ ತಮ್ಮಾ, ನೀ ಹೇಳಿದ ಓಣಿಗೂ ಹೋಗಿದ್ದೆ. ಬೊಮ್ಮನ ಹೆಸರು ತಗೊಂಡು ನಿಂತು ಬಂದೆ.

ಏಳನೇ ದಿನ ಕೆಳಗಿನ ಮನಿಯಾಕಿ ಜರಡಿ ತಂದ್ಲು, ಕುಟ್ಟಾಣಿನೂ ತಂದ್ಲು. ದೊಕ್ಕಿ ತಂಗಿ ಮೊದಲ ಹೇಳಿದ್ದಕ್ಕ ನಾ ಬೆದರಲಿಲ್ಲ, ಮಗ ಬೆದರಿದ. ಹೋದ ವಾರ ಖಯಾಮಿಯ್ಯಾಕ್ಕ ಹೋದಾಗ ಚೀಲದಾಗ ಕೂಸಿನ ಕೌದಿ ಇಟ್ಕೊಂಡು ಹೋಗಿದ್ದೆ, ನನ್ನ ಹಳೇ ಇಳಕಲ್ ಸೀರಿದು, ನಮ್ಮವ್ವ ಹೊಲದಿದ್ದು. ಬಿಳಿ ಗಡ್ಡದಾವ ಒಬ್ಬ ಕೆಲಸ ಬಿಟ್ಟು ಅದನ್ನ ತೊಡಿ ಮ್ಯಾಲೆ ಹಾಸ್ಕೊಂಡ. ಮ್ಯಾಲಿನ ಬಣ್ಣ ನೋಡ್ಲಿಲ್ಲ. ತಿರುವಿ ಹಿಂದಿನ ಹೊಲಿಗಿ ನೋಡಿದ. ಉಗುರಿನಲೆ ಒಂದು ದಾರ ಎಬ್ಬಿಸಿ ನೋಡಿ ಪಕ್ಕದ ಅಂಗಡ್ಯಾವನ್ನ ಕರದ. ಇಬ್ಬರೂ ಏನೋ ಮಾತಾಡಿದ್ರು, ನನಗ ತಿಳೀಲಿಲ್ಲ. ಆಮ್ಯಾಲೆ ಸೂಜಿಗೆ ಕೆಂಪು ದಾರ ಹಾಕಿ, ಮೂಲಿ ಒಂದು ಬಿಚ್ಚಿತ್ತು, ಅದನ್ನ ನಾಕು ಹೊಲಿಗಿ ಹಾಕಿ ಹಲ್ಲಿಲೆ ದಾರ ಕಡದು ಕೊಟ್ಟ. ರೊಕ್ಕ ತಗೊಳ್ಳಲಿಲ್ಲ. ನನ್ನ ಹತ್ರ ಫಕ್ಕಾನೂ ಇರಲಿಲ್ಲ ಬಿಡ್ರಿ.

ಒಂದು ಕೇಳೂದಿತ್ತು. ಇಲ್ಲಿ ಎಲ್ಲಾ ಕಡೆ ‘ಕರ್ಕಡೆ’ ಅಂತ ಕೆಂಪು ಪಾನಕ ಕೊಡತಾರ. ಬಾಯಾಗ ಇಟ್ಟ ಕೂಡಲೆ ಇದು ನಮ್ಮ ಪುಂಡಿ ಹುಳಿ ಅಲ್ಲೇನು ಅನಸ್ತು. ಹೂವು ಇಲ್ಲಿ ಸಿಕ್ರ ಎಲಿನೂ ಸಿಗಬೇಕಲ್ಲ? ಸೊಸಿಗೆ ಪುಂಡಿಪಲ್ಲೆ ಬಯಕಿ ಆಗೈತಿ.

ದೊಕ್ಕಿ_ಅಮ್ಮ

ಅದೇ ಜಾತಿ ಗಿಡ ಅಕ್ಕೋರೇ, ನಾಲಿಗೆ ಸರಿಯಾಗೇ ಹೇಳಿದೆ! ಆದ್ರೆ ಅವರು ಹೂವಿನ ಕೆಂಪು ತೊಟ್ಟೆ ಒಣಗಿಸಿ ಕುದಿಸ್ತಾರೆ, ಸೊಪ್ಪು ಮಾರೋದನ್ನ ನಾನು ಅಲ್ಲಿ ನೋಡಲೇ ಇಲ್ಲ. ಊರಿಂದ ಯಾರಾದ್ರೂ ಬರೋರಿದ್ರೆ ಒಂದು ಹಿಡಿ ಪುಂಡಿ ಬೀಜ ತರಿಸಿ ಬಾಲ್ಕನಿ ಕುಂಡದಲ್ಲಿ ಹಾಕಿ. ಅಲ್ಲೀವರೆಗೆ ಸೊಸೆಗೆ ಸಬ್ಬಸಿಗೆ ಪಲ್ಯಕ್ಕೆ ಒಂದು ಲಿಂಬೆ ಹಿಂಡಿ ಸಮಾಧಾನ ಮಾಡಿ.